ಓಲೆಗರಿ ಮತ್ತು ಶಾಸನಗಳ ಪರಿಶೀಲನೆಯಲ್ಲಿ ಕೈದೀಪಗಳು

ಗ್ರಂಥಸಂಪಾದನೆಯನ್ನು ಕುರಿತ ಚರ್ಚೆಗಳಲ್ಲಿ ಪ್ರತಿಗಳ ವಂಶವೃಕ್ಷ, ಪಾಠಾಂತರ, ಲಿಪಿಕಾರರ ಪ್ರಮಾದ, ಪ್ರಕ್ಷೇಪ ಮೊದಲಾದವುಗಳಿಗೆ ದೊರೆತಿರುವ ಸ್ಥಾನವು, ಆ ಪ್ರತಿಗಳನ್ನು ಯಾವ ಬೆಳಕಿನಲ್ಲಿ ಓದಲಾಯಿತು ಎಂಬ ಪ್ರಶ್ನೆಗೆ ದೊರೆತಿಲ್ಲ. ಪ್ರತಿಯ ಅಳತೆ, ಗರಿಗಳ ಸಂಖ್ಯೆ, ಪ್ರತಿಪುಟದ ಸಾಲುಗಳು, ಆದಿ, ಅಂತ್ಯ, ಪುಷ್ಪಿಕೆ ಇವೆಲ್ಲವನ್ನೂ ಶ್ರದ್ಧೆಯಿಂದ ದಾಖಲಿಸುವ ನಮ್ಮ ಪ್ರತಿಪರಿಚಯಗಳಲ್ಲಿ ಬೆಳಕಿನ ಉಲ್ಲೇಖ ಕಾಣುವುದು ಅಪೂರ್ವ. ಆದರೆ ಕಂಟದಿಂದ ಕೊರೆದ ಓಲೆಯಲ್ಲಾಗಲಿ, ಉಳಿಯಿಂದ ಕಡೆದ ಕಲ್ಲಿನಲ್ಲಾಗಲಿ ನಾವು ಓದುವುದು ಬಹುಮಟ್ಟಿಗೆ ಅಕ್ಷರವನ್ನಲ್ಲ, ಅಕ್ಷರದ ತಗ್ಗಿನಲ್ಲಿ ನಿಂತ ನೆರಳನ್ನು. ನೆರಳು ದೀಪದ ಅಧೀನ. ದೀಪವನ್ನು ಎಲ್ಲಿಡಬಹುದು, ಹೇಗೆ ಹಿಡಿಯಬಹುದು ಎಂಬುದು ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದರ ಅಧೀನ. ಎಣ್ಣೆ, ಅನಿಲ, ವಿದ್ಯುತ್ ತಂತಿ, ವಾಹನದ ಬ್ಯಾಟರಿ, ಒಣಕೋಶ ಇವುಗಳಿಂದ ನಡೆಯುವ ಕೈದೀಪಗಳು ವಿದ್ವಾಂಸನ ಕೈಯಲ್ಲಿ ಹೇಗೆ ವರ್ತಿಸುತ್ತವೆ ಎಂಬುದನ್ನು ಶಿವಮೊಗ್ಗ ಮತ್ತು ಭದ್ರಾವತಿಗಳನ್ನು ನಿಮಿತ್ತವಾಗಿಟ್ಟುಕೊಂಡು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಎರಡು ನಗರಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಗಂಗವಂಶದ ಉತ್ಪತ್ತಿಕಥೆಗೂ ಸಿಂಹನಂದ್ಯಾಚಾರ್ಯರ ವಿಷಯಕ್ಕೂ ಮುಖ್ಯ ಆಕರವಾದ ಕಲ್ಲೂರುಗುಡ್ಡದ 12ನೆಯ ಶತಮಾನದ ಶಾಸನವು ಶಿವಮೊಗ್ಗ ತಾಲ್ಲೂಕಿನದು. ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದರು. ಹೊಂಬುಜದ ಪಂಚಕೂಟ ಬಸದಿಗೆ, ಕೆಳದಿಯ ವಸ್ತುಸಂಗ್ರಹಾಲಯದ ಓಲೆಗರಿ ಮತ್ತು ಕಡತಗಳಿಗೆ ಹೋಗುವ ವಿದ್ವಾಂಸರು ಶಿವಮೊಗ್ಗವನ್ನು ಹಾದೇ ಹೋಗುತ್ತಾರೆ; ಬೇಕಾದ ದೀಪವನ್ನೂ ಕೋಶಗಳನ್ನೂ ಇಲ್ಲಿಯ ಅಂಗಡಿಗಳಲ್ಲೇ ಕೊಳ್ಳುತ್ತಾರೆ. ಭದ್ರಾವತಿಯಾದರೋ ಕಬ್ಬಿಣದ ಊರು. ಹಿಂದೆ ಬೆಂಕಿಪುರವೆಂಬ ಹೆಸರಿದ್ದ ಈ ಊರಿನಲ್ಲಿ 1918ರಲ್ಲಿ ಕಾರ್ಖಾನೆಯ ಕೆಲಸ ಆರಂಭವಾಗಿ 1923ರಲ್ಲಿ ಊದುಕುಲುಮೆ ಹೊತ್ತಿತು. ಕುಲುಮೆ, ಬಾಯ್ಲರು, ತೊಟ್ಟಿಗಳ ಕತ್ತಲೆಯೊಳಗೆ ಇಳಿದು ಬಿರುಕು ಹುಡುಕುವ ಕೆಲಸಗಾರನ ದೀಪದಿಂದ ಹಸ್ತಪ್ರತಿಶಾಸ್ತ್ರಜ್ಞನು ಕಲಿಯಬೇಕಾದದ್ದು ಸ್ವಲ್ಪವಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಮಗೆ ಬೇಕಾದ ಬೆಳಕು ಎಂತಹುದೆಂಬುದನ್ನು ನಿರ್ಣಯಿಸಿಕೊಳ್ಳಬೇಕು. ಮಸಿ ತುಂಬಿದ ಓಲೆಯನ್ನು ಯಾವ ಬೆಳಕಿನಲ್ಲಾದರೂ ಓದಬಹುದು. ಮಸಿ ಅಳಿಸಿಹೋದ, ಅಥವಾ ಮಸಿಯನ್ನೇ ತುಂಬದ ಓಲೆಯ ವಿಷಯ ಬೇರೆ. ಅಲ್ಲಿ ದೀಪವು ತಲೆಯ ಮೇಲಿದ್ದರೆ ಗೀರಿನ ತಳವೂ ಅಂಚೂ ಸಮನಾಗಿ ಬೆಳಗಿ ಅಕ್ಷರ ಮಾಯವಾಗುತ್ತದೆ. ದೀಪವನ್ನು ಓಲೆಯ ಮಟ್ಟಕ್ಕೆ ತಗ್ಗಿಸಿ, ಸುಮಾರು ಹತ್ತು ಅಂಶಗಳ ಕೋನದಲ್ಲಿ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿದರೆ ಒಂದೊಂದು ಗೀರೂ ನೆರಳು ತುಂಬಿಕೊಂಡು ಎದ್ದು ನಿಲ್ಲುತ್ತದೆ. ಇದನ್ನು ಸವರುಬೆಳಕು ಎಂದು ಕರೆಯೋಣ.

ಸವರುಬೆಳಕಿಗೆ ಒಂದು ನಿಯಮವಿದೆ: ಬೆಳಕು ಬರುವ ದಿಕ್ಕಿಗೆ ಸಮಾನಾಂತರವಾಗಿರುವ ಗೀರು ನೆರಳು ಕೊಡದು, ಅಡ್ಡವಾಗಿರುವ ಗೀರು ಪೂರ್ತಿ ಕೊಡುತ್ತದೆ. ಇದರ ಪರಿಣಾಮ ಕನ್ನಡ ಲಿಪಿಯಲ್ಲಿ ಗಂಭೀರವಾದುದು. ದಕಾರ ಧಕಾರಗಳಿಗೆ, ಬಕಾರ ಭಕಾರಗಳಿಗೆ, ಪಕಾರ ಫಕಾರಗಳಿಗೆ ಇರುವ ಭೇದವು ಬುಡದಲ್ಲಿರುವ ಒಂದು ಚಿಕ್ಕ ಲಂಬವಾದ ಸೀಳಿನಲ್ಲಿದೆ. ದೀಪವನ್ನು ಓಲೆಯ ಮೇಲಂಚಿನ ಕಡೆಯಿಟ್ಟು ಓದಿದವನಿಗೆ ಈ ಸೀಳು ಕಾಣದು. ಧನವು ದನವಾಗುತ್ತದೆ, ಫಲವು ಪಲವಾಗುತ್ತದೆ, ಭಾವವು ಬಾವನಾಗಿಬಿಡುತ್ತಾನೆ. ಕರ್ಮಸಿದ್ಧಾಂತದ ಗ್ರಂಥದಲ್ಲಿ ಈ ಕೊನೆಯ ಪಾಠವನ್ನು ಯಾರೂ ಸ್ವೀಕರಿಸಲಾರರು, ನಿಜ. ಆದರೆ ಸಂದರ್ಭವು ಎರಡೂ ಪಾಠಗಳಿಗೆ ಎಡೆಗೊಡುವ ಕಡೆಗಳಲ್ಲಿ ಅಪಾಯ ತಿಳಿಯದಂತೆ ನುಸುಳುತ್ತದೆ. ಹಳೆಯ ಲಿಪಿಕಾರರಲ್ಲಿ ಮಹಾಪ್ರಾಣದ ಚಿಹ್ನೆಯನ್ನು ಬಿಟ್ಟುಬಿಡುವವರೂ ಇದ್ದುದರಿಂದ, ನಮ್ಮ ದೀಪದ ದೋಷವನ್ನು ಲಿಪಿಕಾರನ ತಲೆಗೆ ಕಟ್ಟುವುದು ತೀರ ಸುಲಭ.

ದೀಪವನ್ನು ಓಲೆಯ ಎಡತುದಿಗೋ ಬಲತುದಿಗೋ ಸರಿಸಿದರೆ ಸೀಳು ಕಾಣುತ್ತದೆ. ಆದರೆ ಆಗ ತಲೆಕಟ್ಟಿನ ಅಡ್ಡಗೆರೆ ಮಂಕಾಗುತ್ತದೆ. ತಿರುಗಿ ಮೇಲಂಚಿಗೆ ತಂದರೆ ಇನ್ನೊಂದು ತೊಡಕು. ತಾಳೆಗರಿಯ ನರಗಳು ಗರಿಯ ಉದ್ದಕ್ಕೆ, ಎಂದರೆ ಸಾಲಿನ ದಿಕ್ಕಿಗೇ ಹರಿಯುತ್ತವೆ. ಮೇಲಿನಿಂದ ಸವರಿದ ಬೆಳಕು ತಲೆಕಟ್ಟಿನೊಂದಿಗೆ ಈ ನರಗಳಿಗೂ ನೆರಳು ಕೊಡುವುದರಿಂದ ಇಲ್ಲದ ಗೆರೆಗಳು ಹುಟ್ಟುತ್ತವೆ. ನರವನ್ನು ಗೀರಿನಿಂದ ಬೇರ್ಪಡಿಸಲು ಉಪಾಯವೆಂದರೆ ಅದರ ಕೊನೆಯನ್ನು ಹುಡುಕುವುದು: ಗೀರು ಅಕ್ಷರದೊಡನೆ ಮುಗಿಯುತ್ತದೆ, ನರವು ನೆರೆಯ ಅಕ್ಷರಗಳನ್ನೂ ದಾಟಿ ನಡೆಯುತ್ತದೆ. ಆದುದರಿಂದ ಸಂದೇಹವಿರುವ ಒಂದೊಂದು ಅಕ್ಷರದ ಸುತ್ತಲೂ ದೀಪವನ್ನು ನಿಧಾನವಾಗಿ ಅರ್ಧಸುತ್ತಾದರೂ ತಿರುಗಿಸಿ ನೋಡದೆ ಪಾಠವನ್ನು ನಿಶ್ಚಯಿಸಬಾರದು. ಓಲೆಯನ್ನೇ ತಿರುಗಿಸಬಹುದಲ್ಲ ಎನ್ನಬಹುದು. ಜೀರ್ಣವಾದ ಗರಿಯನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಲೇಸು, ಕಲ್ಲನ್ನಂತೂ ತಿರುಗಿಸಲಾಗದು. ತಿರುಗಬೇಕಾದದ್ದು ದೀಪವೇ.

ಕಲ್ಲಿನ ವಿಷಯದಲ್ಲಿ ಇನ್ನೆರಡು ಮಾತು. ಬೆಳಕು ಮೇಲಿನಿಂದ ಬರುತ್ತದೆಂದು ಊಹಿಸುವುದು ನಮ್ಮ ಕಣ್ಣಿನ ಅಭ್ಯಾಸ. ದೀಪವನ್ನು ನೆಲದಲ್ಲಿಟ್ಟು ಶಾಸನಕ್ಕೆ ಕೆಳಗಿನಿಂದ ಬೆಳಕು ಹಾಯಿಸಿದರೆ ತಗ್ಗು ಉಬ್ಬಾಗಿಯೂ ಉಬ್ಬು ತಗ್ಗಾಗಿಯೂ ತೋರಿ, ಕಲ್ಲಿನ ಚಕ್ಕೆ ಎದ್ದ ಕಡೆ ಅಕ್ಷರದ ಭ್ರಮೆಯಾಗುತ್ತದೆ. ಹಾಗಾಗಿ ಮೊದಲ ಓದಿಗೆ ದೀಪ ಎಡಮೇಲ್ಭಾಗದಲ್ಲಿರಲಿ. ಎರಡನೆಯದಾಗಿ, ಕಲ್ಲಿನ ಜಾತಿಗೆ ತಕ್ಕಂತೆ ಕೋನ ಬದಲಾಗಬೇಕು. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದಂತಹ ಹೊಯ್ಸಳ ಕಟ್ಟಡಗಳ ಬಳಪದ ಕಲ್ಲು ನುಣುಪಾದುದು; ಅದಕ್ಕೆ ಹತ್ತು ಅಂಶಗಳ ಕೋನ ಒಪ್ಪುತ್ತದೆ, ಆದರೆ ಎದುರಿನಿಂದ ಹೊಳಪು ಕಣ್ಣಿಗೆ ಹೊಡೆಯದಂತೆ ಓದುಗನು ಪಕ್ಕಕ್ಕೆ ಸರಿಯಬೇಕು. ಒರಟಾದ ಕಣಶಿಲೆಯಲ್ಲಿ ಅಷ್ಟು ತಗ್ಗಿಸಿದರೆ ಕಲ್ಲಿನ ಕಣಕಣವೂ ನೆರಳು ಚೆಲ್ಲಿ ಅಕ್ಷರವನ್ನು ಮುಚ್ಚುತ್ತದೆ. ಅಲ್ಲಿ ಇಪ್ಪತ್ತರಿಂದ ಮೂವತ್ತು ಅಂಶಗಳವರೆಗೆ ಏರಿಸಬೇಕು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಸಂಗ್ರಹಾಲಯದಂತೆ ವೀರಗಲ್ಲು, ಶಾಸನಗಳು ಒಂದೆಡೆ ಸೇರಿರುವಲ್ಲಿ ಒಂದೇ ಕೈದೀಪದಿಂದ ಈ ವ್ಯತ್ಯಾಸವನ್ನು ಅಭ್ಯಾಸ ಮಾಡಿಕೊಳ್ಳಬಹುದು.

ಹೀಗೆ ನಮಗೆ ಬೇಕಾದ ದೀಪಕ್ಕೆ ಇರಬೇಕಾದ ಗುಣ ಮುಖ್ಯವಾಗಿ ಪ್ರಖರತೆಯಲ್ಲ. ಅದು ಅಡ್ಡ ಮಲಗಬಲ್ಲುದಾಗಿರಬೇಕು, ತಣ್ಣಗಿರಬೇಕು, ಕಂಪಿಸಬಾರದು, ಓಲೆಗೂ ಓದುವವನಿಗೂ ಅಪಾಯ ತರಬಾರದು. ಈ ಒರೆಗಲ್ಲಿನ ಮೇಲೆ ಒಂದೊಂದನ್ನು ಉಜ್ಜಿ ನೋಡೋಣ.

ಜ್ವಾಲೆಯ ದೀಪಗಳು ಮೊದಲ ಗುಣದಲ್ಲೇ ಸೋಲುತ್ತವೆ. ಹರಳೆಣ್ಣೆಯ ಹಣತೆಯಾಗಲಿ, ಸೀಮೆಎಣ್ಣೆಯ ಲಾಟೀನಾಗಲಿ, ಪೆಟ್ರೋಮ್ಯಾಕ್ಸ್ ಆಗಲಿ ನೆಟ್ಟಗೆ ನಿಲ್ಲಬೇಕು. ಪೆಟ್ರೋಮ್ಯಾಕ್ಸಿನ ಕೆಳಭಾಗದ ತೊಟ್ಟಿಯಿಂದ ಸೀಮೆಎಣ್ಣೆಯು ಗಾಳಿಯ ಒತ್ತಡದಲ್ಲಿ ಮೇಲೇರಿ, ಆವಿಯಾಗಿ ಉರಿದು, ಮ್ಯಾಂಟಲ್ ಎಂಬ ಬಲೆಚೀಲವನ್ನು ಕಾಯಿಸಿ ಬೆಳಗಿಸುತ್ತದೆ. ಈ ಮ್ಯಾಂಟಲ್ ಮೇಜಿನಿಂದ 25 ಸೆಂಟಿಮೀಟರ್ ಎತ್ತರದಲ್ಲಿದೆಯೆಂದು ಇಟ್ಟುಕೊಂಡರೆ, ಹತ್ತು ಅಂಶಗಳ ಸವರುಬೆಳಕನ್ನು ಪಡೆಯಲು ದೀಪವನ್ನು ಓಲೆಯಿಂದ ಸುಮಾರು 140 ಸೆಂಟಿಮೀಟರ್ ದೂರದಲ್ಲಿಡಬೇಕು. ಮೇಜಿನಿಂದ ಎರಡು ಸೆಂಟಿಮೀಟರ್ ಎತ್ತರದಲ್ಲಿ ಮಲಗಿಸಿದ ಸಣ್ಣ ಟಾರ್ಚಿಗೆ ಹನ್ನೊಂದೋ ಹನ್ನೆರಡೋ ಸೆಂಟಿಮೀಟರ್ ಸಾಕು. ಪೆಟ್ರೋಮ್ಯಾಕ್ಸಿನ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿ ಓದುಗನ ಕಣ್ಣನ್ನೂ ಕೋರೈಸುವುದರಿಂದ ನೆರಳಿನ ಸೂಕ್ಷ್ಮತೆ ಕೆಡುತ್ತದೆ. ಯಕ್ಷಗಾನದ ರಂಗಸ್ಥಳಕ್ಕೂ ಮದುವೆಯ ಮೆರವಣಿಗೆಗೂ ಅದು ಎಷ್ಟು ಒಪ್ಪಿತೋ ಓಲೆಯ ಮುಂದೆ ಅಷ್ಟೇ ಒಪ್ಪದು. ಮ್ಯಾಂಟಲಿನಲ್ಲಿ ಥೋರಿಯಂ ಆಕ್ಸೈಡ್ ಬಳಸುವ ಪದ್ಧತಿ ಬಹುಕಾಲ ಇದ್ದುದರಿಂದ, ಹಳೆಯ ಮ್ಯಾಂಟಲ್ ಒಡೆದು ಉದುರಿದ ಬಿಳಿಯ ಪುಡಿಯನ್ನು ಉಸಿರಿನಲ್ಲಿ ತೆಗೆದುಕೊಳ್ಳುವುದೂ ಗ್ರಂಥದ ಮೇಲೆ ಬೀಳಿಸುವುದೂ ಸಲ್ಲದು.

ಕಾರ್ಬೈಡ್ ದೀಪವು ಕೈಯಲ್ಲಿ ಹಿಡಿಯಲು ಹಗುರ. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ಹನಿಹನಿಯಾಗಿ ನೀರು ಬಿದ್ದಾಗ ಹುಟ್ಟುವ ಅಸಿಟಿಲೀನ್ ಅನಿಲ ಅದರಲ್ಲಿ ಉರಿಯುತ್ತದೆ. ಹಿಂದೆ ಗಣಿಗಳಲ್ಲಿಯೂ ಸೈಕಲ್ಲುಗಳಲ್ಲಿಯೂ ಬಳಕೆಯಲ್ಲಿತ್ತು. ಉಳಿಯುವ ಗಸಿ ಸುಣ್ಣದ ತಿಳಿ. ಓಲೆಯ ಮೇಲೆ ಒಂದು ಹನಿ ಬಿದ್ದರೂ ಕಲೆ. ಗ್ರಂಥಭಂಡಾರದ ಬಾಗಿಲೊಳಗೆ ಅದಕ್ಕೆ ಪ್ರವೇಶವಿರಕೂಡದು.

ಜ್ವಾಲೆಯ ದೀಪಗಳ ಮೇಲಿನ ಮುಖ್ಯ ಆಕ್ಷೇಪ ಬೆಂಕಿಯದೇ. ಓಲೆಗಳನ್ನು ಶುಚಿಮಾಡಲು ಸ್ಪಿರಿಟ್ಟನ್ನೂ, ಮೆದುಗೊಳಿಸಲು ನಿಂಬೆಹುಲ್ಲಿನ ಎಣ್ಣೆಯನ್ನೂ ಬಳಸುವ ರೂಢಿಯುಂಟು. ಎರಡೂ ಹೊತ್ತಿಕೊಳ್ಳುವಂಥವು, ಸ್ಪಿರಿಟ್ಟಿನ ಆವಿಯಂತೂ ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಕಾಡಿಗೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಲಿಪಿಕಾರನು ಗೀರಿಗೆ ತುಂಬುತ್ತಿದ್ದ ಮಸಿಗೆ ಮೂಲದ್ರವ್ಯ ದೀಪದ ಕಾಡಿಗೆಯೇ ಆಗಿತ್ತು; ಅಕ್ಷರವನ್ನು ಕಾಣಿಸಿದ ಅದೇ ಕಾಡಿಗೆ ಶತಮಾನಗಳ ಕಾಲ ಗರ್ಭಗೃಹದ ಗೋಡೆಯ ಮೇಲೆ ಎಣ್ಣೆಯ ಜಿಡ್ಡಿನೊಡನೆ ಕೂಡಿಕೊಂಡು ಅಕ್ಷರಗಳನ್ನು ಹೂತಿದೆ. ಪೀಠಶಾಸನಗಳನ್ನು ಓದಿದವರೆಲ್ಲರೂ ಇದನ್ನು ಬಲ್ಲರು.

ಕೀಟಗಳ ವಿಚಾರವು ಈ ಪತ್ರಿಕೆಯ ಓದುಗರಿಗೆ ವಿಶೇಷವಾಗಿ ಗಮನಾರ್ಹ. ರಾತ್ರಿಭೋಜನತ್ಯಾಗಕ್ಕೆ ಶ್ರಾವಕಾಚಾರಗಳು ಕೊಡುವ ಕಾರಣಗಳಲ್ಲಿ ದೀಪಕ್ಕೆ ಮುತ್ತುವ ಜೀವಿಗಳ ಹಿಂಸೆಯೂ ಒಂದು. ಮಲೆನಾಡಿನ ಮುಂಗಾರಿನಲ್ಲಿ ಲಾಟೀನನ್ನು ಹೊತ್ತಿಸಿಟ್ಟರೆ ಕ್ಷಣಮಾತ್ರದಲ್ಲಿ ಮಳೆಹುಳುಗಳು ಮುತ್ತುತ್ತವೆ. ಕೆಲವು ಸುಡುತ್ತವೆ, ಕೆಲವು ರೆಕ್ಕೆ ಕಳಚಿಕೊಂಡು ಬಿಚ್ಚಿದ ಗರಿಗಳ ನಡುವೆ ಸೇರುತ್ತವೆ. ಜೀವದಯೆಯೂ ಗ್ರಂಥರಕ್ಷೆಯೂ ಇಲ್ಲಿ ಒಂದೇ ಕಡೆ ನಿಲ್ಲುತ್ತವೆ. ನೀಲಿ ಮತ್ತು ನೇರಿಳಾತೀತ ಕಿರಣಗಳು ಕಡಿಮೆಯಿರುವ ಹಳದಿಛಾಯೆಯ ಎಲ್‌ಇಡಿ ಬೆಳಕು ಕೀಟಗಳನ್ನು ಕಡಿಮೆ ಸೆಳೆಯುತ್ತದೆಂಬುದು ಗಮನಿಸತಕ್ಕ ಸಂಗತಿ.

ಇನ್ನು ತಂತಿಯ ವಿದ್ಯುತ್ತು. ಜೋಗದ ಬಳಿಯ ಮಹಾತ್ಮಾ ಗಾಂಧಿ ಜಲವಿದ್ಯುತ್ ಕೇಂದ್ರವು 1948ರಲ್ಲಿಯೂ ಶರಾವತಿ ಕೇಂದ್ರವು 1964ರಿಂದಲೂ ಕೆಲಸಮಾಡತೊಡಗಿದವು. ನಾಡಿಗೆಲ್ಲ ಬೆಳಕು ಕೊಟ್ಟ ಜಿಲ್ಲೆ ಇದು. ಆದರೂ ಗಾಳಿಮಳೆಗೆ ಮರ ಉರುಳಿ ತಂತಿ ಹರಿಯುವ ಆಷಾಢದಲ್ಲಿ ತಂತಿಯನ್ನೇ ನಂಬಿ ಹಳ್ಳಿಯ ಬಸದಿಗೆ ಹೊರಡುವುದು ವಿವೇಕವಲ್ಲ. ತಂತಿಯ ದೀಪದ ಸೌಕರ್ಯ ನಿರ್ವಿವಾದ: ಗಂಟೆಗಟ್ಟಲೆ ಏಕರೀತಿಯಾದ ಬೆಳಕು. ಅದರ ಅಪಾಯದ ಅರಿವು ಮಾತ್ರ ವಿದ್ವತ್ವಲಯದಲ್ಲಿ ಸಾಲದು. ಭದ್ರಾವತಿಯಂತಹ ಕಾರ್ಖಾನೆಯ ಊರಿನಿಂದ ಕಲಿಯಬೇಕೆಂದು ಹೇಳಿದ್ದು ಇದನ್ನೇ.

ಕಾರ್ಖಾನೆಗಳಲ್ಲಿ ಹ್ಯಾಂಡ್ ಲ್ಯಾಂಪ್ ಎನ್ನುವ ದೀಪವನ್ನು ಎಲ್ಲರೂ ನೋಡಿರುತ್ತಾರೆ. ಮರದ ಅಥವಾ ರಬ್ಬರಿನ ಹಿಡಿ, ಬಲ್ಬಿನ ಸುತ್ತ ತಂತಿಯ ಪಂಜರ, ಕೊಕ್ಕೆ, ಉದ್ದವಾದ ವಯರು. 1948ರ ಕಾರ್ಖಾನೆಗಳ ಅಧಿನಿಯಮವು ಇಂತಹ ದೀಪದ ಬಗೆಗೆ ಒಂದು ಕಟ್ಟಳೆಯನ್ನು ಹೊಂದಿತ್ತು: ತೊಟ್ಟಿ, ಗುಂಡಿ, ಕೊಳವೆ, ಹೊಗೆನಾಳ ಮೊದಲಾದ ಇಕ್ಕಟ್ಟಾದ ಸ್ಥಳಗಳ ಒಳಗೆ, ತಕ್ಕ ರಕ್ಷಣಾಸಾಧನಗಳಿಲ್ಲದೆ, 24 ವೋಲ್ಟಿಗಿಂತ ಹೆಚ್ಚಿನ ಒತ್ತಡದ ಕೈದೀಪವನ್ನು ಒಯ್ಯಕೂಡದು. ಕಾರಣ ಸ್ಪಷ್ಟ. ಬೆವರಿನಿಂದ ತೊಯ್ದ ಮನುಷ್ಯ, ಸುತ್ತಲೂ ಲೋಹ, ತಪ್ಪಿಸಿಕೊಳ್ಳಲು ಎಡೆಯಿಲ್ಲ.

ಈಗ ಬಸದಿಯ ಗರ್ಭಗೃಹವನ್ನು ನೆನೆಯಿರಿ. ಅಭಿಷೇಕದ ನೀರಿನಿಂದ ಒದ್ದೆಯಾದ ಕಲ್ಲಿನ ನೆಲ, ಬರಿಗಾಲು, ಒದ್ದೆ ಮಡಿಯುಟ್ಟ ಪುರೋಹಿತರು, ಮುಟ್ಟಿದಲ್ಲೆಲ್ಲ ಕಂಚು ಹಿತ್ತಾಳೆಯ ಬಿಂಬಗಳು, ಪ್ರಭಾವಳಿ, ಪೀಠದ ಬರಹವನ್ನು ಓದಲು ನೆಲಕ್ಕೆ ಬಾಗಿದ ವಿದ್ವಾಂಸ. ಬಾಯ್ಲರಿನೊಳಗಿನ ಕೆಲಸಗಾರನಿಗೂ ಇವನಿಗೂ ವಿದ್ಯುತ್ತಿನ ದೃಷ್ಟಿಯಲ್ಲಿ ಅಂತರವಿಲ್ಲ. ಆದರೆ ಇವನ ಕೈಯಲ್ಲಿರುವುದು ಎಷ್ಟೋ ವೇಳೆ ತೇಪೆ ಹಾಕಿದ ವಯರಿನ, ಪಂಜರವಿಲ್ಲದ, 230 ವೋಲ್ಟಿನ ಬಲ್ಬು. ಒದ್ದೆಯಾದ ದೇಹದ ತಡೆ 1000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನಲ್ಲಿ 230 ಮಿಲಿಆಂಪಿಯರ್ ಹರಿಯುತ್ತದೆ. ಹೃದಯದ ಬಡಿತ ಕೆಡಲು ಅದರ ಅರ್ಧಭಾಗವೂ ಬೇಕಾಗದು. 24 ವೋಲ್ಟಿನಲ್ಲಿ ಹರಿಯುವುದು 24 ಮಿಲಿಆಂಪಿಯರ್: ನೋವು, ಸ್ನಾಯುಗಳ ಸೆಳೆತ. 12 ವೋಲ್ಟಿನಲ್ಲಿ ಅದರ ಅರ್ಧ. ಗರ್ಭಗೃಹದೊಳಗೆ 24 ವೋಲ್ಟನ್ನು ಮೀರಿದ ಕೈದೀಪವನ್ನು ಒಯ್ಯುವುದಿಲ್ಲವೆಂದು ನಮ್ಮ ಸಂಶೋಧನ ಸಂಸ್ಥೆಗಳು ತಾವಾಗಿಯೇ ಕಟ್ಟಳೆ ಮಾಡಿಕೊಳ್ಳುವುದು ಅತ್ಯಗತ್ಯವೆಂದು ನನ್ನ ಸ್ಪಷ್ಟ ಅಭಿಪ್ರಾಯ. ಇದಕ್ಕೆ ಬೇಕಾದದ್ದು ಒಂದು ಪರಿವರ್ತಕ, ಎಂದರೆ ಟ್ರಾನ್ಸ್‌ಫಾರ್ಮರು. ಅದರ ಎರಡು ಸುರುಳಿಗಳು ಪರಸ್ಪರ ಬೇರೆಯಾಗಿರಬೇಕು. ಒಂದೇ ಸುರುಳಿಯ ಆಟೋ ಪರಿವರ್ತಕವು ಒತ್ತಡವನ್ನು ಇಳಿಸಿದರೂ ಮೂಲತಂತಿಯಿಂದ ಬೇರ್ಪಡಿಸುವುದಿಲ್ಲವಾದ್ದರಿಂದ ನಿಷ್ಪ್ರಯೋಜಕ. ಪರಿವರ್ತಕವನ್ನು ನವರಂಗದ ಹೊರಗೆ ಒಣಗಿದ ಕಡೆಯಿಟ್ಟು, ಕಡಿಮೆ ಒತ್ತಡದ ವಯರನ್ನು ಮಾತ್ರ ಒಳಗೆ ಒಯ್ಯಬೇಕು.

ಗ್ರಂಥದ ದೃಷ್ಟಿಯಿಂದ ಹಳೆಯ ತಂತುದೀಪಕ್ಕೆ ಮತ್ತೊಂದು ದೋಷವಿದೆ. ಅದು ಹೀರಿದ ವಿದ್ಯುತ್ತಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಶಾಖವಾಗಿ ಕಳೆಯುತ್ತದೆ. 60 ವಾಟಿನ ಬಲ್ಬನ್ನು ಓಲೆಯ ಪಕ್ಕಕ್ಕೆ ತಂದರೆ ಗರಿಯ ಒಂದು ಮುಖ ಒಣಗಿ ಸುರುಳಿಗೊಳ್ಳತೊಡಗುತ್ತದೆ. ಮಳೆಗಾಲದಲ್ಲಿ ತೇವ ಹೀರಿಕೊಂಡಿರುವ ಗರಿಗೆ ಇದು ಇನ್ನೂ ಕಠಿಣ; ಒಣಗಿದ ಕಡೆ ಕುಗ್ಗಿ, ದಾರದ ರಂಧ್ರದ ಬಳಿ ಸೀಳುತ್ತದೆ.

ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಜೀಪಿನ ಬ್ಯಾಟರಿಯಿಂದ ವಯರೆಳೆದು ಶಾಸನ ಓದುವುದು ಹೊಲಗಾಡಿನ ಶಾಸನಾನ್ವೇಷಣೆಗೆ ಒಪ್ಪುವ ಉಪಾಯ. ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿ 12 ವೋಲ್ಟಿನದಾದ್ದರಿಂದ ಓದುಗನಿಗೆ ಭಯವಿಲ್ಲ. ಲೆಕ್ಕವನ್ನು ಮಾತ್ರ ತಿಳಿದಿರಬೇಕು. 21 ವಾಟಿನ ವಾಹನದ ಬಲ್ಬು 1.75 ಆಂಪಿಯರ್ ಎಳೆಯುತ್ತದೆ. 40 ಆಂಪಿಯರ್‌ಗಂಟೆಯ ಬ್ಯಾಟರಿಯಿಂದ ಲೆಕ್ಕದಲ್ಲಿ 22 ಗಂಟೆಗೂ ಹೆಚ್ಚು ನಡೆಯಬೇಕು. ಆದರೆ ಅರ್ಧಕ್ಕಿಂತ ಹೆಚ್ಚು ಬಳಸಿದವನು ಜೀಪನ್ನು ತಳ್ಳಿಕೊಂಡು ಊರಿಗೆ ಹಿಂದಿರುಗಬೇಕಾದೀತು. ವಯರಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಒಂದು ಚದರ ಮಿಲಿಮೀಟರಿನ ತಾಮ್ರದ ಜೋಡಿವಯರನ್ನು 20 ಮೀಟರ್ ಎಳೆದರೆ ಹೋಗಿಬರುವ ದಾರಿಯ ತಡೆ ಸುಮಾರು 0.7 ಓಮ್, ಅದರಲ್ಲಿ ಸುಮಾರು 1.2 ವೋಲ್ಟ್ ನಷ್ಟವಾಗುತ್ತದೆ. ಒತ್ತಡದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ ತಂತುದೀಪದ ಬೆಳಕು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕುಗ್ಗುತ್ತದೆ. ಐದು ವಾಟಿನ ಎಲ್‌ಇಡಿ ದೀಪಕ್ಕೆ ಈ ನಷ್ಟ ಗಣನೆಗೆ ಬಾರದು. ಆಮ್ಲ ಚೆಲ್ಲುವ, ತುಂಬುವಾಗ ಜಲಜನಕ ಬಿಡುವ ಬ್ಯಾಟರಿಯನ್ನು ಗ್ರಂಥವಿರುವ ಕೋಣೆಗೆ ಮಾತ್ರ ತರಬಾರದು.

ಒಣಕೋಶದ ಟಾರ್ಚು ಎಲ್ಲರ ಮನೆಯಲ್ಲೂ ಇರುವಂಥದು. ಒಂದು ಕೋಶಕ್ಕೆ 1.5 ವೋಲ್ಟ್, ಕೈಗೆ ಹಗುರ, ಮಲಗಿಸಲು, ತಿರುಗಿಸಲು ಯಾವ ತೊಡಕೂ ಇಲ್ಲ. ಕೋಶ ಸವೆದಂತೆ ಹಳೆಯ ಬಲ್ಬು ಹಳದಿಗೆ, ಮತ್ತೆ ಕೆಂಪಿಗೆ ತಿರುಗುತ್ತದೆ. ಕಣ್ಣು ಅದಕ್ಕೆ ಹೊಂದಿಕೊಳ್ಳುವುದರಿಂದ ಬೆಳಕು ಕುಗ್ಗಿದ್ದು ಓದುವವನಿಗೆ ತಿಳಿಯದು, ಸಂಜೆಯ ಪುಟಗಳಲ್ಲಿ ತಪ್ಪುಗಳು ಹೆಚ್ಚುತ್ತವೆ. ಬೆಳಕಿನ ವೃತ್ತದಲ್ಲಿ ಪ್ರತಿಫಲಕದ ಉಂಗುರಗಳು ಮೂಡುವುದು ಇನ್ನೊಂದು ಕಿರುಕುಳ. ಗಾಜಿನ ಮೇಲೆ ತೆಳುವಾದ ಎಣ್ಣೆಕಾಗದವನ್ನು ಅಂಟಿಸಿದರೆ ಇದು ನಿವಾರಣೆಯಾಗುತ್ತದೆ. ಸವೆದ ಸತುವಿನ ಕೋಶ ಸೋರಿದರೆ ಹೊರಬರುವ ದ್ರವ ಓಲೆಯನ್ನೂ ಕಾಗದವನ್ನೂ ತಿನ್ನುತ್ತದೆ. ಆದುದರಿಂದ ಕೋಶವಿರುವ ಟಾರ್ಚನ್ನು ಗ್ರಂಥದ ಕಟ್ಟಿನೊಡನೆ ಒಂದೇ ಪೆಟ್ಟಿಗೆಯಲ್ಲಿ ಇಡಲೇಬಾರದು.

ಬಿಳಿಯ ಎಲ್‌ಇಡಿ ದೀಪವು 1990ರ ದಶಕದ ಫಲ. ಅದಕ್ಕೆ ದಾರಿಮಾಡಿದ ನೀಲಿ ಎಲ್‌ಇಡಿಗಾಗಿ ಮೂವರು ಜಪಾನೀ ಮೂಲದ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮರುತುಂಬುವ ಲಿಥಿಯಂ ಕೋಶದೊಡನೆ ಕೂಡಿ ಅದು ಟಾರ್ಚಿನ ಗುಣಗಳನ್ನೆಲ್ಲ ಉಳಿಸಿಕೊಂಡು ದೋಷಗಳಲ್ಲಿ ಹೆಚ್ಚಿನವನ್ನು ಕಳೆಯಿತು. ಬೆಳಕಿನ ದಿಕ್ಕಿನಲ್ಲಿ ಶಾಖವಿಲ್ಲ. ನಿಯಂತ್ರಕವಿರುವ ದೀಪಗಳಲ್ಲಿ ಕೋಶ ಮುಗಿಯುವವರೆಗೂ ಪ್ರಕಾಶ ಬಹುಮಟ್ಟಿಗೆ ಸಮನಾಗಿರುತ್ತದೆ. ಮುಗಿದಾಗ ಮುನ್ಸೂಚನೆಯಿಲ್ಲದೆ ಆರುತ್ತದೆಂಬುದರಿಂದ ಎರಡನೆಯ ದೀಪ ಜೊತೆಗಿರಬೇಕು. ಅಗ್ಗದ ಎಲ್‌ಇಡಿಗಳ ಬೆಳಕು ನೀಲಿಯತ್ತ ವಾಲಿರುತ್ತದೆ; ಬಣ್ಣಗಳನ್ನು ಯಥಾವತ್ತಾಗಿ ತೋರಿಸುವ ಸೂಚ್ಯಂಕ 90ಕ್ಕೆ ಮೇಲ್ಪಟ್ಟ, ಹಳದಿಛಾಯೆಯ ದೀಪವನ್ನೇ ಆರಿಸಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲಿ ಲಿಥಿಯಂ ಕೋಶವನ್ನು ಬಿಡುವುದೂ, ಉಬ್ಬಿದ ಕೋಶವನ್ನು ಮತ್ತೆ ತುಂಬುವುದೂ ಬೆಂಕಿಗೆ ಆಹ್ವಾನ. ಗ್ರಂಥಭಂಡಾರದಲ್ಲಿ ರಾತ್ರಿಯಿಡೀ ಇಂತಹ ದೀಪವನ್ನು ತುಂಬಲು ಬಿಡುವ ಅಭ್ಯಾಸವನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

ಬೆಳಕಿನ ಪ್ರಮಾಣದ ಬಗೆಗೆ ಅತಿಭಯವೂ ಅನಾದರವೂ ಎರಡೂ ಇವೆ. ಹಸ್ತಪ್ರತಿಗಳಿಗೆ 50 ಲಕ್ಸ್ ಮೀರದ ಬೆಳಕು ತಕ್ಕುದೆಂದು ಸಂರಕ್ಷಣಶಾಸ್ತ್ರದ ಸಾಮಾನ್ಯ ಮತ. ಹಾನಿಯು ಪ್ರಕಾಶ ಮತ್ತು ಕಾಲಗಳ ಗುಣಲಬ್ಧವನ್ನು ಅನುಸರಿಸುತ್ತದೆ. 50 ಲಕ್ಸಿನಲ್ಲಿ ಎಂಟು ಗಂಟೆ ತೆರೆದಿಟ್ಟ ಓಲೆಗೆ 400 ಲಕ್ಸ್‌ಗಂಟೆ ತಗಲಿದರೆ, 500 ಲಕ್ಸಿನ ಕೈದೀಪದಲ್ಲಿ ಹತ್ತು ನಿಮಿಷ ನೋಡಿದ ಓಲೆಗೆ ತಗಲುವುದು 83 ಮಾತ್ರ. ಅಲ್ಲದೆ ಹತ್ತು ಅಂಶಗಳಲ್ಲಿ ಸವರುವ ಬೆಳಕಿನ ಆರನೆಯ ಒಂದು ಪಾಲಷ್ಟೇ ಮೇಲ್ಮೈಗೆ ಸಲ್ಲುತ್ತದೆ. ಸಂದೇಹಸ್ಥಳಗಳನ್ನು ಕೈದೀಪದಿಂದ ನೋಡಿ ಆರಿಸುವುದು, ಇಡೀ ದಿನ ಕಿಟಕಿಯ ಬಳಿ ಓಲೆ ಬಿಚ್ಚಿಟ್ಟುಕೊಳ್ಳುವುದಕ್ಕಿಂತ ಎಷ್ಟೋ ಮೃದು.

ಕೊರೆಯದೆ ಮಸಿಯಿಂದ ಬರೆದ ಓಲೆಗಳಿಗೆ ಸವರುಬೆಳಕು ನಿರುಪಯುಕ್ತ. ಅಲ್ಲಿ ತಗ್ಗೇ ಇಲ್ಲ. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ಪ್ರತಿಗಳು ಈ ವರ್ಗಕ್ಕೆ ಸೇರಿದವು. ಕಂದಿದ ಓಲೆಯ ಕಂದುಬಣ್ಣವು ಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ, ಕಾಡಿಗೆಯ ಮಸಿ ಎಲ್ಲ ಬೆಳಕನ್ನೂ ನುಂಗುತ್ತದೆ. ಆದ್ದರಿಂದ ಟಾರ್ಚಿಗೆ ಕೆಂಪು ಹಾಳೆಯನ್ನು ಹೊದಿಸಿ ನೋಡಿದರೆ ಕಂದಿದ ಹಿನ್ನೆಲೆ ತಿಳಿಯಾಗಿ ಅಕ್ಷರ ಕಪ್ಪಾಗಿ ನಿಲ್ಲುತ್ತದೆ. ಅವಕೆಂಪು ಛಾಯಾಗ್ರಹಣ ಇದೇ ತತ್ತ್ವದ ಮುಂದುವರಿಕೆ. ನೇರಿಳಾತೀತ ದೀಪ ಅಳಿಸಿದ ಕೆಲವು ಬಗೆಯ ಮಸಿಗಳನ್ನು ತೋರಿಸಬಲ್ಲುದಾದರೂ ಕಣ್ಣಿಗೂ ಓಲೆಗೂ ಅಹಿತ. ಅನುಭವಿಗಳ ಕೈಯಲ್ಲಿ ನಿಮಿಷಗಳ ಮಟ್ಟಿಗೆ ಮಾತ್ರ ಸಲ್ಲುತ್ತದೆ. ಹುಣಸೆಬೀಜದ ಅಂಟು, ಇದ್ದಿಲುಗಳನ್ನು ಬಟ್ಟೆಗೆ ಬಳಿದು ಬಳಪದಿಂದ ಬರೆದ ಕಡತಗಳಲ್ಲಿ ಮೇಲ್ಮೈಯೇ ಹೊಳೆಯುವುದರಿಂದ, ದೀಪವನ್ನು ಎರಡೂ ಪಕ್ಕಗಳಲ್ಲಿ 45 ಅಂಶಗಳಲ್ಲಿಟ್ಟು ಮೃದುಬೆಳಕಿನಲ್ಲಿ ಓದಬೇಕು. ಕೈಯಾಗಲಿ ದೀಪವಾಗಲಿ ತಗುಲಿದರೆ ಬಳಪ ಅಳಿಸುತ್ತದೆ.

ಯಾವ ಇಂಧನವನ್ನೂ ಬೇಡದ ಒಂದು ಕೈದೀಪವುಂಟು: ಕೈಗನ್ನಡಿ. ಬಾಗಿಲ ಬಳಿ ಬಿಸಿಲಿನಲ್ಲಿ ನಿಂತವನೊಬ್ಬನು ಕನ್ನಡಿಯಿಂದ ಕಿರಣವನ್ನು ಒಳಗೆ ಕಳುಹಿಸಿದರೆ, ಎರಡನೆಯವನು ಇನ್ನೊಂದು ಕನ್ನಡಿಯಿಂದ ಅದನ್ನು ಗೋಡೆಗೆ ಸವರಿಸಬಹುದು. ಕನ್ನಡಿಯ ಸವರುಬೆಳಕಿಗೆ ಸಮನಾದುದು ಕಡಿಮೆ. ಸೂರ್ಯನ ಕಿರಣಗಳು ಬಹುಮಟ್ಟಿಗೆ ಸಮಾನಾಂತರವಾಗಿರುವುದರಿಂದ ನೆರಳಿನ ಅಂಚು ಹರಿತವಾಗಿರುತ್ತದೆ. ಇದು ಕಲ್ಲಿಗೆ ಮಾತ್ರ. ಓಲೆಯ ಮೇಲೆ ನೇರಬಿಸಿಲು ಬೀಳಬಾರದು. ಅಗ್ನಿಯನ್ನು ತೇಜಸ್ಕಾಯಿಕ ಜೀವವೆಂದು ಆಗಮವು ಎಣಿಸುವುದರಿಂದ ವಿದ್ಯುದ್ದೀಪದ ವಿಷಯದಲ್ಲಿ ಮುನಿಸಂಘಗಳಲ್ಲಿ ಭಿನ್ನಮತಗಳಿವೆ. ಆ ವಿಚಾರಕ್ಕೆ ಇಲ್ಲಿ ಪ್ರವೇಶವಿಲ್ಲ. ಮುನಿಗಳ ಸನ್ನಿಧಿಯಲ್ಲಿ ಶಾಸನವನ್ನು ಓದಿ ತೋರಿಸಬೇಕಾದಾಗ ಕನ್ನಡಿಯು ಯಾರಿಗೂ ಆಕ್ಷೇಪಾರ್ಹವಾಗದ ಮಾರ್ಗ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಶಿವಮೊಗ್ಗದ ಆಕಾಶವನ್ನು ನಂಬಿ ಕನ್ನಡಿ ಹಿಡಿದು ಹೊರಡುವವರು ಕೊಡೆಯನ್ನೂ ಮರೆಯಬಾರದು.

ಇಷ್ಟನ್ನೂ ನೋಡಿದ ಮೇಲೆ ನನ್ನ ಆಯ್ಕೆ ಹೀಗಿದೆ. ಓಲೆಗೆ ಮರುತುಂಬುವ ಸಣ್ಣ ಎಲ್‌ಇಡಿ ಕೈದೀಪ. ಹೊಲಗಾಡಿನ ಕಲ್ಲಿಗೆ 12 ವೋಲ್ಟಿನ ಬ್ಯಾಟರಿಯ ದೀಪ ಅಥವಾ ಕನ್ನಡಿ. ವಿದ್ಯುತ್ತಿರುವ ಬಸದಿಯಲ್ಲಿ ದೀರ್ಘಕಾಲದ ಕೆಲಸಕ್ಕೆ ಪರಿವರ್ತಕದೊಡನೆ 24 ವೋಲ್ಟಿನ ಪಂಜರದೀಪ. ಜ್ವಾಲೆ ಎಲ್ಲಿಯೂ ಬೇಡ.

ಪ್ರತಿಮಾಡುವವರು ಅನುಸರಿಸಬಹುದಾದ ಒಂದು ಸಂಕೇತಪದ್ಧತಿಯನ್ನು ಸೂಚಿಸಬಯಸುತ್ತೇನೆ. ಸಂದೇಹಾಸ್ಪದವಾದ ಅಕ್ಷರದ ಎದುರು, ಅಂಚಿನಲ್ಲಿ, ಬೆಳಕು ಬಂದ ದಿಕ್ಕನ್ನು ಸೂಚಿಸಲು ಎ, ಬ, ಮೇ, ಕೆ ಎಂಬ ಅಕ್ಷರಗಳನ್ನು ಬರೆಯುವುದು; ಎಡಬಲಗಳಿಂದಲೂ ಮೇಲಿನಿಂದಲೂ ನೋಡಿ ನಿಶ್ಚಯವಾದ ಪಾಠಕ್ಕೆ ಕೆಳಗೆ ಒಂದು ಗೆರೆ; ಒಂದೇ ದಿಕ್ಕಿನಲ್ಲಿ ಮಾತ್ರ ಕಂಡ ಪಾಠಕ್ಕೆ ಗೆರೆಯಿಲ್ಲ. ಬಕಾರವೋ ಭಕಾರವೋ ಎಂಬ ವಿವಾದ ಮುಂದೆಂದಾದರೂ ಎದ್ದಾಗ, ಅಂಚಿನಲ್ಲಿ ಮೇ ಎಂದು ಮಾತ್ರ ಇರುವ ಪ್ರತಿಯನ್ನು ಕಂಡ ಸಂಪಾದಕನು ಪಾಠಾಂತರವನ್ನು ಅಡಿಟಿಪ್ಪಣಿಗೆ ಸೇರಿಸುವ ಮೊದಲು ಓಲೆಯ ಎಡತುದಿಯಲ್ಲಿ ಒಮ್ಮೆ ದೀಪವನ್ನಿಟ್ಟು ನೋಡುತ್ತಾನೆ.